ಬಾಯಿ ಮುಚ್ಚಿಕೊಂಡವರ ಆಸ್ತಿಯೂ ಹೋಗುತ್ತಿದೆ: ರಷ್ಯಾದ ಉದ್ಯಮಿಗಳಿಗೆ ಆಗುತ್ತಿರುವುದೇನು?

2025ರ ಜುಲೈ ಮೊದಲ ವಾರ. ರಷ್ಯಾದ ಚೆಲ್ಯಾಬಿನ್ಸ್ಕ್ ಪ್ರಾಂತ್ಯದಲ್ಲಿ ಕಾನ್‌ಸ್ಟಾಂಟಿನ್ ಸ್ತ್ರುಕೊವ್ ಎಂಬ ಉದ್ಯಮಿಯ ಕಂಪನಿ ಮೇಲೆ ತನಿಖಾಧಿಕಾರಿಗಳು ದಾಳಿ ಮಾಡಿದರು. ಕಂಪನಿಯ ಹೆಸರು ಯುಜುರಾಲ್‌ಝೊಲೊತೊ. ಆ ದೇಶದಲ್ಲಿ ಅತಿ ಹೆಚ್ಚು ಚಿನ್ನ ತೆಗೆಯುವ ಕಂಪನಿಗಳಲ್ಲಿ ಅದೂ ಒಂದು. ಜುಲೈ 11ಕ್ಕೆ ಕೋರ್ಟ್ ತೀರ್ಪು ಬಂತು. ಸ್ತ್ರುಕೊವ್ ಪಾಲಿನ ಷೇರುಗಳೆಲ್ಲ ಸರ್ಕಾರಕ್ಕೆ ಹೋದವು. ದಶಕಗಳ ಕಾಲ ಬೆಳೆಸಿದ ಕಂಪನಿ ಕೈತಪ್ಪಲು ಎರಡು ವಾರವೂ ಬೇಕಾಗಲಿಲ್ಲ.

ಈ ಸುದ್ದಿ ಓದಿದವರಿಗೆ ಗೊಂದಲವಾಗುವುದು ಸಹಜ. ಸ್ತ್ರುಕೊವ್ ಸರ್ಕಾರದ ವಿರೋಧಿ ಅಲ್ಲ. ಯುದ್ಧದ ವಿರುದ್ಧ ಮಾತಾಡಿದವರೂ ಅಲ್ಲ. ಅಧ್ಯಕ್ಷ ಪುಟಿನ್ ಅವರ ಬೆನ್ನಿಗಿರುವ ಯುನೈಟೆಡ್ ರಷ್ಯಾ ಪಕ್ಷದವರು, ಪ್ರಾಂತ್ಯದ ಶಾಸನಸಭೆಯ ಉಪಾಧ್ಯಕ್ಷರಾಗಿದ್ದವರು. ಹಾಗಿದ್ದೂ ಅವರನ್ನೇ ಯಾಕೆ ಹಿಡಿದರು? ಸರ್ವಾಧಿಕಾರಿ ಆಡಳಿತ ಅಂದರೆ ವಿರೋಧಿಗಳನ್ನು ಹಿಂಸಿಸುವುದು, ತನ್ನವರನ್ನು ಕಾಪಾಡುವುದು ಎಂದೇ ನಾವು ಅಂದುಕೊಂಡಿರುತ್ತೇವೆ ಅಲ್ವಾ? ರಷ್ಯಾದ ಕಳೆದ 25 ವರ್ಷಗಳ ಕಥೆ ನೋಡಿದರೆ ಆ ಲೆಕ್ಕ ಅರ್ಧ ಮಾತ್ರ ಸರಿ ಎಂದು ಗೊತ್ತಾಗುತ್ತದೆ.

90ರ ದಶಕದ ಹರಾಜುಗಳು

ಸೋವಿಯತ್ ಒಕ್ಕೂಟ 1991ರ ಡಿಸೆಂಬರ್‌ನಲ್ಲಿ ಒಡೆದುಹೋಯಿತು. ಅಲ್ಲಿಯವರೆಗೆ ಗಣಿ, ಕಾರ್ಖಾನೆ, ತೈಲ ಬಾವಿ ಎಲ್ಲವೂ ಸರ್ಕಾರದ್ದೇ. ಅವನ್ನು ಖಾಸಗಿಯವರಿಗೆ ಕೊಡಬೇಕಿತ್ತು. 1992ರಲ್ಲಿ ಪ್ರತಿ ನಾಗರಿಕರಿಗೂ 10,000 ರೂಬಲ್ ಮುಖಬೆಲೆಯ ಒಂದೊಂದು ವೌಚರ್ ಹಂಚಿದರು. ಅದನ್ನು ಕೊಟ್ಟು ಕಾರ್ಖಾನೆಗಳ ಷೇರು ಪಡೆಯಬಹುದಿತ್ತು. ಆದರೆ ಅದೇ ವರ್ಷ ಬೆಲೆಗಳು 25 ಪಟ್ಟಿಗೂ ಜಾಸ್ತಿ ಏರಿದವು. ಸಂಬಳ ಸರಿಯಾಗಿ ಬರದ ಜನ ವೌಚರ್‌ಗಳನ್ನು ಸಿಕ್ಕಿದ ಬೆಲೆಗೆ ಮಾರಿ ಮನೆ ನಡೆಸಿದರು. ಕೈಯಲ್ಲಿ ಕಾಸಿದ್ದ ಕೆಲವರು ಅವನ್ನು ಗುಡ್ಡೆ ಹಾಕಿಕೊಂಡರು.

1995ರಲ್ಲಿ ಬಂದದ್ದು ಇನ್ನೂ ಕೆಟ್ಟದ್ದು. ಸರ್ಕಾರದ ಬೊಕ್ಕಸ ಬರಿದಾಗಿತ್ತು. ಬ್ಯಾಂಕ್‌ಗಳು ಸಾಲ ಕೊಟ್ಟವು, ಸರ್ಕಾರ ದೊಡ್ಡ ಕಂಪನಿಗಳ ಷೇರುಗಳನ್ನು ಅಡ ಇಟ್ಟಿತು. ಸಾಲ ತೀರಲಿಲ್ಲ. ಆ ಷೇರುಗಳನ್ನು ಹರಾಜು ಹಾಕುವ ಅಧಿಕಾರ ಸಾಲ ಕೊಟ್ಟ ಬ್ಯಾಂಕಿಗೇ ಇತ್ತು. ಹರಾಜು ನಡೆಸಿದವರ ಕಡೆಯವರೇ ಕೊಂಡರು. ಯೂಕೊಸ್ ಎಂಬ ತೈಲ ಕಂಪನಿಯ ಶೇ 78ರಷ್ಟು ಪಾಲು ಮಿಖಾಯಿಲ್ ಖೊದೊರ್ಕೊವ್ಸ್ಕಿ ಅವರ ಗುಂಪಿಗೆ ಸುಮಾರು 31 ಕೋಟಿ ಡಾಲರ್‌ಗೆ ಸಿಕ್ಕಿತು. ಕೆಲವೇ ವರ್ಷಗಳಲ್ಲಿ ಆ ಕಂಪನಿಯ ಬೆಲೆ ನೂರಾರು ಕೋಟಿ ಡಾಲರ್ ದಾಟಿತು.

ಇದರಿಂದ ಎರಡು ಪರಿಣಾಮಗಳಾದವು. ಈ ಶ್ರೀಮಂತರೆಲ್ಲ ನಮ್ಮದನ್ನೇ ಕದ್ದವರು ಎಂಬ ಸಿಟ್ಟು ಸಾಮಾನ್ಯ ಜನರ ಮನಸ್ಸಿನಲ್ಲಿ ಬೇರೂರಿತು. ಆ ಸಿಟ್ಟಿಗೆ ಕಾರಣವೂ ಇತ್ತು. ಎರಡನೆಯದು ಸದ್ದಿಲ್ಲದೆ ಆದದ್ದು. ಆ ಕಾಲದಲ್ಲಿ ಕಾನೂನುಗಳು ಅರೆಬರೆ ಇದ್ದವು, ವಾರಕ್ಕೊಮ್ಮೆ ಬದಲಾಗುತ್ತಿದ್ದವು. ಹಾಗಾಗಿ ಹೆಚ್ಚುಕಮ್ಮಿ ಪ್ರತಿ ದೊಡ್ಡ ಮಾಲೀಕನ ಕಡತದಲ್ಲೂ ಏನಾದರೂ ಒಂದು ಲೋಪ ಉಳಿದುಕೊಂಡಿತು. ಒಂದು ಸಹಿ ಇಲ್ಲ, ಒಂದು ಇಲಾಖೆಯ ಒಪ್ಪಿಗೆ ಇಲ್ಲ, ಇನ್ನೊಂದು ಪತ್ರದಲ್ಲಿ ತಾರೀಖು ಹೊಂದುವುದಿಲ್ಲ. ಆ ಕಡತಗಳು ಸರ್ಕಾರದ ಕಪಾಟಿನಲ್ಲಿ ಭದ್ರವಾಗಿದ್ದವು.

ಒಪ್ಪಂದದ 6ನೇ ಅನುಬಂಧ

ಪುಟಿನ್ 2000ದ ಮೇ ತಿಂಗಳಲ್ಲಿ ಅಧ್ಯಕ್ಷರಾದರು. ಮರುತಿಂಗಳೇ ವ್ಲಾದಿಮಿರ್ ಗುಸಿನ್ಸ್ಕಿ ಬಂಧನವಾಯಿತು. ಅವರು ಎನ್‌ಟಿವಿ ಎಂಬ ಟಿವಿ ವಾಹಿನಿಯ ಮಾಲೀಕರು. ರಷ್ಯಾದ ದಕ್ಷಿಣದ ಚೆಚೆನ್ಯಾ ಪ್ರಾಂತ್ಯದಲ್ಲಿ ನಡೆಯುತ್ತಿದ್ದ ಯುದ್ಧವನ್ನು ಎನ್‌ಟಿವಿ ಕಟುವಾಗಿ ಟೀಕಿಸುತ್ತಿತ್ತು. ಗುಸಿನ್ಸ್ಕಿ ಅವರನ್ನು ಮಾಸ್ಕೋದ ಬುತಿರ್ಕಾ ಜೈಲಿನಲ್ಲಿ ಮೂರು ದಿನ ಇಟ್ಟು ಬಿಟ್ಟರು. ಆದರೆ ಮೊಕದ್ದಮೆ ಕೈಬಿಡಲಿಲ್ಲ, ದೇಶ ಬಿಡಲೂ ಬಿಡಲಿಲ್ಲ.

ಜುಲೈ 20ರಂದು ಅವರು ತಮ್ಮ ಮಾಧ್ಯಮ ಕಂಪನಿಯನ್ನು ಸರ್ಕಾರದ ಹಿಡಿತದಲ್ಲಿದ್ದ ಅನಿಲ ಕಂಪನಿ ಗಾಝ್‌ಪ್ರಾಮ್‌ಗೆ ಮಾರುವ ಒಪ್ಪಂದಕ್ಕೆ ಸಹಿ ಹಾಕಿದರು. ಆ ಒಪ್ಪಂದಕ್ಕೆ 6ನೇ ಅನುಬಂಧ ಅಂತ ಒಂದು ಹಾಳೆ ಇತ್ತು. ಕಂಪನಿ ಮಾರಿದರೆ ಕ್ರಿಮಿನಲ್ ಕೇಸು ಕೈಬಿಡಲಾಗುವುದು ಎಂಬ ಭರವಸೆ ಅದರಲ್ಲಿತ್ತು. ಅದಕ್ಕೆ ದೇಶದ ಪತ್ರಿಕಾ ಸಚಿವರೇ ಸಹಿ ಹಾಕಿದ್ದರು. ಯೋಚಿಸಿ ನೋಡಿ. ಇಬ್ಬರು ವ್ಯಾಪಾರಿಗಳ ನಡುವಿನ ಕ್ರಯಪತ್ರದಲ್ಲಿ ಕ್ರಿಮಿನಲ್ ಮೊಕದ್ದಮೆಯೂ ಒಂದು ಷರತ್ತು. ಕೆಲವೇ ದಿನಗಳಲ್ಲಿ ಕೇಸು ಬಿದ್ದುಹೋಯಿತು, ಗುಸಿನ್ಸ್ಕಿ ದೇಶ ಬಿಟ್ಟರು.

2004ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಇದನ್ನು ಬಿಡಿಸಿ ಹೇಳಿತು. ವ್ಯಾಪಾರದ ಚೌಕಾಸಿಗೆ ಜೈಲನ್ನು ಬಳಸುವಂತಿಲ್ಲ, ರಷ್ಯಾ ಮಾಡಿದ್ದು ಅದನ್ನೇ ಎಂದಿತು. ಅಷ್ಟು ಹೊತ್ತಿಗೆ ಎನ್‌ಟಿವಿ ಗಾಝ್‌ಪ್ರಾಮ್ ಕೈಯಲ್ಲಿತ್ತು.

ಅದೇ 2000ದ ಜುಲೈ ಕೊನೆಯಲ್ಲಿ ಪುಟಿನ್ ದೊಡ್ಡ ಉದ್ಯಮಿಗಳನ್ನು ಅಧ್ಯಕ್ಷರ ಕಚೇರಿ ಇರುವ ಕ್ರೆಮ್ಲಿನ್‌ಗೆ ಕರೆಸಿ ಮಾತಾಡಿದರು. ಅಲ್ಲಿಂದ ಹೊರಬಂದವರು ಅರ್ಥ ಮಾಡಿಕೊಂಡದ್ದು ಇಷ್ಟು: ಗಳಿಸಿದ್ದನ್ನು ಇಟ್ಟುಕೊಳ್ಳಿ, ರಾಜಕೀಯಕ್ಕೆ ತಲೆ ಹಾಕಬೇಡಿ. ಇದನ್ನು ಯಾರೂ ಕಾಗದದ ಮೇಲೆ ಬರೆಯಲಿಲ್ಲ. ಮುಂದೆ ಆದ ಅನಾಹುತಕ್ಕೆಲ್ಲ ಇದೂ ಒಂದು ಕಾರಣ. ಬರೆಯದ ಮಾತನ್ನು ಯಾವ ಕೋರ್ಟಿಗೆ ಹೋಗಿ ತೋರಿಸುವುದು?

ಯೂಕೊಸ್: ಉಳಿದವರೆಲ್ಲ ಪಾಠ ಕಲಿತದ್ದು ಇಲ್ಲಿ

ಖೊದೊರ್ಕೊವ್ಸ್ಕಿ ಆ ಮಾತನ್ನು ಮೀರಿದರು. ವಿರೋಧ ಪಕ್ಷಗಳಿಗೆ ಹಣ ಕೊಟ್ಟರು. 2003ರ ಫೆಬ್ರುವರಿಯಲ್ಲಿ ಕ್ರೆಮ್ಲಿನ್‌ನಲ್ಲಿ ನಡೆದ ಸಭೆಯಲ್ಲಿ, ಟಿವಿ ಕ್ಯಾಮೆರಾಗಳ ಮುಂದೆಯೇ, ಸರ್ಕಾರಿ ಭ್ರಷ್ಟಾಚಾರದ ಬಗ್ಗೆ ಮಾತಾಡಿದರು. ಸರ್ಕಾರಿ ತೈಲ ಕಂಪನಿ ರಾಸ್‌ನೆಫ್ಟ್ ಮಾಡಿದ ಒಂದು ಖರೀದಿಯನ್ನೇ ಉದಾಹರಣೆಯಾಗಿ ಎತ್ತಿದರು. ಪುಟಿನ್ ಅಲ್ಲೇ ತಿರುಗೇಟು ಕೊಟ್ಟರು. ನಿಮ್ಮ ಯೂಕೊಸ್‌ಗೆ ಅಷ್ಟೊಂದು ತೈಲ ನಿಕ್ಷೇಪ ಎಲ್ಲಿಂದ ಬಂತು ಎಂಬ ಅರ್ಥದ ಪ್ರಶ್ನೆ ಕೇಳಿದರು.

ಎಂಟು ತಿಂಗಳ ನಂತರ, ಅಕ್ಟೋಬರ್ 25ರ ಬೆಳಗಿನ ಜಾವ, ಖೊದೊರ್ಕೊವ್ಸ್ಕಿ ಅವರ ವಿಮಾನ ಇಂಧನ ತುಂಬಿಸಿಕೊಳ್ಳಲು ನೊವೊಸಿಬಿರ್ಸ್ಕ್‌ನಲ್ಲಿ ಇಳಿಯಿತು. ಶಸ್ತ್ರಧಾರಿ ಪಡೆ ವಿಮಾನದೊಳಗೆ ನುಗ್ಗಿ ಅವರನ್ನು ಬಂಧಿಸಿತು. ಆಮೇಲೆ ಯೂಕೊಸ್ ಮೇಲೆ ತೆರಿಗೆ ಬಾಕಿಯ ನೋಟಿಸುಗಳು ಒಂದರ ಹಿಂದೆ ಒಂದು ಬಂದವು. ಕಂಪನಿಯ ಖಾತೆಗಳನ್ನು ಮುಟ್ಟುಗೋಲು ಹಾಕಿದ್ದರಿಂದ ಬಾಕಿ ಕಟ್ಟಲೂ ದಾರಿ ಇರಲಿಲ್ಲ. ಕಟ್ಟಲಿಲ್ಲ ಎಂದು ಆಸ್ತಿಯನ್ನು ಹರಾಜಿಗಿಟ್ಟರು.

ಆ ಹರಾಜನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. 2004ರ ಡಿಸೆಂಬರ್ 19. ಮಾರಾಟಕ್ಕಿದ್ದದ್ದು ಯೂಕೊಸ್‌ನ ಮುಖ್ಯ ತೈಲ ಘಟಕ ಯುಗಾನ್ಸ್ಕ್‌ನೆಫ್ಟೆಗಾಝ್. ಕೊಂಡದ್ದು ಬೈಕಾಲ್‌ಫಿನಾನ್ಸ್‌ಗ್ರೂಪ್ ಎಂಬ ಕಂಪನಿ. ಕೊಟ್ಟ ಬೆಲೆ 900 ಕೋಟಿ ಡಾಲರ್‌ಗೂ ಜಾಸ್ತಿ. ಈ ಕಂಪನಿಯ ಹೆಸರನ್ನು ಅದಕ್ಕೂ ಮುಂಚೆ ಯಾರೂ ಕೇಳಿರಲಿಲ್ಲ. ಹರಾಜಿಗೆ ಕೆಲವೇ ದಿನ ಮೊದಲು ತ್ವೆರ್ ಎಂಬ ಊರಿನಲ್ಲಿ ಅದರ ನೋಂದಣಿ ಆಗಿತ್ತು. ಅದರ ಮೂಲ ಬಂಡವಾಳ 10,000 ರೂಬಲ್. ಪತ್ರಕರ್ತರು ವಿಳಾಸ ಹುಡುಕಿಕೊಂಡು ಹೋದರೆ ಅಲ್ಲಿ ತೈಲ ಕಂಪನಿಯ ಕಚೇರಿಯ ಗುರುತೇ ಇರಲಿಲ್ಲ. ಕೆಲವೇ ದಿನಗಳಲ್ಲಿ ಈ ಕಂಪನಿಯನ್ನೇ ರಾಸ್‌ನೆಫ್ಟ್ ಕೊಂಡುಕೊಂಡಿತು. ಖೊದೊರ್ಕೊವ್ಸ್ಕಿ ಯಾವ ಕಂಪನಿಯ ವ್ಯವಹಾರವನ್ನು ಪ್ರಶ್ನಿಸಿದ್ದರೋ ಅದರ ಕೈಗೇ ಅವರ ಆಸ್ತಿ ಸೇರಿತು.

ಮೊದಲ ಮೊಕದ್ದಮೆಯಲ್ಲಿ ಅವರ ಮೇಲಿದ್ದ ಆರೋಪಗಳಲ್ಲಿ ತೈಲ ಮಾರಾಟದ ತೆರಿಗೆ ತಪ್ಪಿಸಿದ್ದು ಮುಖ್ಯವಾದದ್ದು. ಅದರ ಶಿಕ್ಷೆ ಮುಗಿಯುತ್ತ ಬಂದಾಗ ಎರಡನೇ ಮೊಕದ್ದಮೆ ಶುರುವಾಯಿತು. ಈ ಸಲ ಆ ತೈಲವನ್ನೇ ಕದ್ದಿದ್ದಾರೆ ಎಂದರು. ಕದ್ದ ಮಾಲಿಗೆ ತೆರಿಗೆ ಕೇಳುವುದು ಹೇಗೆ ಎಂದು ವಕೀಲರು ಕೇಳಿದರು. 2010ರ ಡಿಸೆಂಬರ್‌ನಲ್ಲಿ ಮತ್ತೆ ಶಿಕ್ಷೆ ಆಯಿತು. 2013ರ ಡಿಸೆಂಬರ್‌ನಲ್ಲಿ ಕ್ಷಮಾದಾನ ಸಿಕ್ಕಿ ಹೊರಬರುವಾಗ ಹತ್ತು ವರ್ಷ ಕಳೆದಿತ್ತು.

ಖೊದೊರ್ಕೊವ್ಸ್ಕಿ ಹೆಸರು ಎಲ್ಲರಿಗೂ ಗೊತ್ತು. ಅವರ ಜೊತೆ ಕೆಲಸ ಮಾಡಿದವರ ಗತಿ ಅಷ್ಟಾಗಿ ಗೊತ್ತಿಲ್ಲ. ಯೂಕೊಸ್‌ನ ವಕೀಲ ವಾಸಿಲಿ ಅಲೆಕ್ಸಾನ್ಯನ್ ಅವರನ್ನು 2006ರಲ್ಲಿ ಬಂಧಿಸಿದರು. ಅವರಿಗೆ ಎಚ್‌ಐವಿ ಇತ್ತು, ಜೈಲಿನಲ್ಲಿ ಕಾಯಿಲೆ ಉಲ್ಬಣಿಸಿತು. ಬೇರೆಯವರ ವಿರುದ್ಧ ಸಾಕ್ಷಿ ಹೇಳಿದರೆ ಚಿಕಿತ್ಸೆ ಕೊಡಿಸುತ್ತೇವೆ ಎಂದು ತನಿಖಾಧಿಕಾರಿಗಳು ಹೇಳಿದ್ದಾಗಿ ಅವರು ಕೋರ್ಟಿನಲ್ಲೇ ಹೇಳಿದರು. ಅವರು ಸಾಕ್ಷಿ ಹೇಳಲಿಲ್ಲ. ಆಸ್ಪತ್ರೆಗೆ ಸೇರಿಸಿದ ಮೇಲೂ ಅವರನ್ನು ಮಂಚಕ್ಕೆ ಸರಪಳಿ ಹಾಕಿ ಕಟ್ಟಿದ್ದರು ಎಂಬ ಸುದ್ದಿ ಆಗ ದೊಡ್ಡದಾಗಿ ಬಂದಿತ್ತು. 2011ರಲ್ಲಿ, 40 ತುಂಬುವ ಮೊದಲೇ, ತೀರಿಕೊಂಡರು. ಓಲಿಗಾರ್ಕ್‌ಗಳ (ಈ ಭಾರಿ ಶ್ರೀಮಂತರ) ಜಗಳ ನಮಗ್ಯಾಕೆ ಎಂದು ಸುಮ್ನೆ ಇದ್ದುಬಿಡುವವರು ಈ ಒಂದು ಹೆಸರನ್ನು ನೆನಪಿಟ್ಟುಕೊಳ್ಳಬೇಕು.

ಮೊಹರು ಯಾರ ಕೈಲಿದೆಯೋ ಕಂಪನಿ ಅವರದ್ದು

ಇದೆಲ್ಲ ದೊಡ್ಡವರ ಕಥೆ. ಮಧ್ಯಮ ಮತ್ತು ಸಣ್ಣ ಉದ್ಯಮಿಗಳಿಗೆ ಆಗುವುದು ಸುದ್ದಿಯೇ ಆಗುವುದಿಲ್ಲ. ಆದರೆ ಸಂಖ್ಯೆಯಲ್ಲಿ ಅದೇ ಜಾಸ್ತಿ.

ಲೆಕ್ಕವನ್ನು ಸ್ವತಃ ಪುಟಿನ್ ಕೊಟ್ಟಿದ್ದಾರೆ. 2015ರ ಡಿಸೆಂಬರ್‌ನಲ್ಲಿ ಸಂಸತ್ತಿನ ಮುಂದೆ ಮಾಡಿದ ವಾರ್ಷಿಕ ಭಾಷಣದಲ್ಲಿ ಅವರು ಹೇಳಿದ್ದು ಇದು. 2014ರಲ್ಲಿ ಆರ್ಥಿಕ ಅಪರಾಧಗಳ ಹೆಸರಲ್ಲಿ ಸುಮಾರು 2 ಲಕ್ಷ ಕೇಸು ದಾಖಲಾದವು. ಕೋರ್ಟ್ ಮುಟ್ಟಿದ್ದು 46,000. ಅದರಲ್ಲಿ 15,000 ಕೋರ್ಟಿನಲ್ಲಿ ಬಿದ್ದುಹೋದವು. ಅಂದರೆ ಶಿಕ್ಷೆಯವರೆಗೆ ಹೋದದ್ದು ನೂರಕ್ಕೆ 15 ಮಾತ್ರ. ಆದರೆ ಕೇಸು ಹಾಕಿಸಿಕೊಂಡ ಉದ್ಯಮಿಗಳಲ್ಲಿ ಶೇ 83ರಷ್ಟು ಮಂದಿ ವ್ಯಾಪಾರವನ್ನು ಪೂರ್ತಿ ಇಲ್ಲವೇ ಭಾಗಶಃ ಕಳೆದುಕೊಂಡರು. ಹೆದರಿಸಿದರು, ದೋಚಿದರು, ಬಿಟ್ಟರು ಎಂದು ಪುಟಿನ್ ಅವರೇ ಹೇಳಿದರು.

ಕೇಸಿನ ಉದ್ದೇಶ ಶಿಕ್ಷೆ ಕೊಡಿಸುವುದಾಗಿದ್ದರೆ ಈ ಅಂಕಿಗಳು ಅರ್ಥವಾಗುವುದಿಲ್ಲ. ಕಂಪನಿ ಕಿತ್ತುಕೊಳ್ಳುವುದೇ ಉದ್ದೇಶ ಎಂದು ಹಿಡಿದರೆ ಎಲ್ಲ ಸರಿಹೊಂದುತ್ತದೆ. ಮಾಲೀಕನನ್ನು ವಿಚಾರಣೆಗೆ ಮುಂಚೆಯೇ ಜೈಲಿಗೆ ಹಾಕುತ್ತಾರೆ. ಅಂಥ ಜೈಲನ್ನು ರಷ್ಯನ್ನರು ಸಿಝೊ ಎನ್ನುತ್ತಾರೆ. ಅವನು ಒಳಗಿರುವಾಗ ಬ್ಯಾಂಕ್ ಸಾಲ ನಿಲ್ಲಿಸುತ್ತದೆ, ಮಾಲು ಕೊಡುವವರು ಹಿಂದೆ ಸರಿಯುತ್ತಾರೆ, ನೌಕರರು ಬೇರೆ ಕೆಲಸ ಹುಡುಕುತ್ತಾರೆ. ನಾಲ್ಕು ತಿಂಗಳು ಸಾಕು. ಆಮೇಲೆ ಯಾರೋ ಒಬ್ಬರು ಬಂದು ಬೆಲೆ ಹೇಳುತ್ತಾರೆ.

ಇನ್ನೊಂದು ವಿಧಾನವೂ ಇದೆ. ರಷ್ಯಾದಲ್ಲಿ ಕಂಪನಿಯ ದುಂಡು ಮೊಹರಿಗೆ ತುಂಬಾ ಬೆಲೆ. ಮೊಹರು, ಮೂಲ ದಾಖಲೆಗಳು ಕೈಗೆ ಬಂದರೆ ಮಾಲೀಕರನ್ನೇ ಬದಲಿಸಬಹುದು. 2007ರ ಜೂನ್‌ನಲ್ಲಿ ಹರ್ಮಿಟೇಜ್ ಎಂಬ ಹೂಡಿಕೆ ಸಂಸ್ಥೆಯ ಮಾಸ್ಕೋ ಕಚೇರಿಯಲ್ಲಿ ಪೊಲೀಸರು ಶೋಧ ಮಾಡಿ ಇವನ್ನೆಲ್ಲ ಒಯ್ದರು. ಸ್ವಲ್ಪ ದಿನದಲ್ಲಿ ಅದರ ಕೆಳಗಿನ ಮೂರು ಕಂಪನಿಗಳು ಬೇರೆಯವರ ಹೆಸರಿಗೆ ನೋಂದಣಿಯಾಗಿದ್ದವು. ಆ ಹೊಸ ಮಾಲೀಕರು ಹಿಂದೆ ಕಟ್ಟಿದ್ದ ತೆರಿಗೆ ವಾಪಸ್ ಕೊಡಿ ಎಂದು ಅರ್ಜಿ ಹಾಕಿದರು. ಅದೇ ಡಿಸೆಂಬರ್ 24ರಂದು, ಒಂದೇ ದಿನದಲ್ಲಿ, 540 ಕೋಟಿ ರೂಬಲ್ ಮಂಜೂರಾಯಿತು. ಈ ಮೋಸವನ್ನು ಹೊರಗೆಳೆದ ತೆರಿಗೆ ತಜ್ಞ ಸೆರ್ಗೆಯ್ ಮ್ಯಾಗ್ನಿಟ್ಸ್ಕಿ ಅವರನ್ನೇ 2008ರ ನವೆಂಬರ್‌ನಲ್ಲಿ ಜೈಲಿಗೆ ಹಾಕಿದರು. ಸುಮಾರು ಒಂದು ವರ್ಷದ ನಂತರ ಅವರು ಒಳಗೇ ಸತ್ತರು. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ.

ಸರಿಪಡಿಸುವ ಪ್ರಯತ್ನಗಳೂ ನಡೆದವು. 2010ರಲ್ಲಿ ಕಾನೂನು ತಿದ್ದಿ, ವ್ಯಾಪಾರಕ್ಕೆ ಸಂಬಂಧಿಸಿದ ಆರೋಪಗಳಿಗೆ ವಿಚಾರಣೆಗೆ ಮುಂಚೆ ಜೈಲಿಗೆ ಹಾಕಬಾರದು ಎಂದರು. ತನಿಖಾಧಿಕಾರಿಗಳು ದಾರಿ ಕಂಡುಕೊಂಡರು. ಇದು ವ್ಯಾಪಾರವೇ ಅಲ್ಲ, ಬರೀ ವಂಚನೆ ಎಂದು ಬರೆದರೆ ಮುಗಿಯಿತು. ನ್ಯಾಯಾಧೀಶರು ಒಪ್ಪಿದರು. ಇನ್ನೂ ಕೆಲವರ ಮೇಲೆ ಅಪರಾಧ ಕೂಟ ಕಟ್ಟಿದ ಆರೋಪ ಹೊರಿಸಿದರು. ದೊಡ್ಡ ಗೂಂಡಾ ಗ್ಯಾಂಗುಗಳಿಗೆಂದು ಮಾಡಿದ 210ನೇ ಕಲಮು ಅದು. ಮಾಲೀಕನೇ ನಾಯಕ, ಲೆಕ್ಕಪತ್ರ ನೋಡುವವರು ಸದಸ್ಯರು. 2020ರ ಏಪ್ರಿಲ್‌ನಲ್ಲಿ ಒಂದು ತಿದ್ದುಪಡಿ ತರಬೇಕಾಯಿತು: ಕಂಪನಿಯಲ್ಲಿ ಹುದ್ದೆಗಳ ಏಣಿ ಇದೆ ಎಂದ ಮಾತ್ರಕ್ಕೆ ಅದು ಅಪರಾಧ ಕೂಟ ಆಗುವುದಿಲ್ಲ. ಇಷ್ಟನ್ನೂ ಕಾನೂನಿನಲ್ಲಿ ಬರೆದು ಹೇಳಬೇಕಾಯಿತು ಅಂದರೆ ಪರಿಸ್ಥಿತಿ ಎಲ್ಲಿಗೆ ಮುಟ್ಟಿತ್ತು ಎಂದು ಊಹಿಸಬಹುದು. ಆದರೂ ಬಂದರು ಮತ್ತು ಸಾಗಣೆ ವ್ಯವಹಾರದ ಝಿಯಾವುದ್ದಿನ್ ಮಾಗೊಮೆದೊವ್ ಅವರಿಗೆ 2022ರ ಡಿಸೆಂಬರ್‌ನಲ್ಲಿ ಇದೇ ಕಲಮಿನಡಿ 19 ವರ್ಷ ಜೈಲಾಯಿತು.

ಯುದ್ಧ ಶುರುವಾದ ಮೇಲೆ ಬದಲಾದದ್ದು

2022ರ ಫೆಬ್ರುವರಿಯಲ್ಲಿ ರಷ್ಯಾ ಉಕ್ರೇನ್ ಮೇಲೆ ಪೂರ್ಣ ಪ್ರಮಾಣದ ಯುದ್ಧ ಶುರು ಮಾಡಿತು. ಎರಡು ತಿಂಗಳ ನಂತರ ಬ್ಯಾಂಕ್ ಉದ್ಯಮಿ ಒಲೆಗ್ ತಿನ್ಕೊವ್ ಯುದ್ಧವನ್ನು ಖಂಡಿಸಿ ಇನ್‌ಸ್ಟಾಗ್ರಾಮ್‌ನಲ್ಲಿ ಬರೆದರು. ಮರುದಿನವೇ ಕ್ರೆಮ್ಲಿನ್ ಕಡೆಯಿಂದ ತಮ್ಮ ಬ್ಯಾಂಕಿನ ಅಧಿಕಾರಿಗಳಿಗೆ ಬೆದರಿಕೆ ಬಂತು, ಅದರ ನಿಜವಾದ ಬೆಲೆಯ ಶೇ 3ಕ್ಕೆ ತಮ್ಮ ಪಾಲನ್ನು ಮಾರಬೇಕಾಯಿತು, ಬೆಲೆಯ ಬಗ್ಗೆ ಮಾತಾಡುವ ಸ್ಥಿತಿಯೇ ಇರಲಿಲ್ಲ ಎಂದು ಅವರು ಆಮೇಲೆ ಹೇಳಿದರು. ಕೊಂಡವರು ದೇಶದ ಅತಿ ದೊಡ್ಡ ಶ್ರೀಮಂತರಲ್ಲಿ ಒಬ್ಬರಾದ ವ್ಲಾದಿಮಿರ್ ಪೊತಾನಿನ್. ಇದು ಹಳೆಯ ಮಾದರಿಯೇ. ಬಾಯಿ ಬಿಟ್ಟವರಿಗೆ ಪೆಟ್ಟು.

ಹೊಸದು ಎರಡನೇ ಹಂತದಲ್ಲಿ ಬಂತು. ಈಗ ಕ್ರಿಮಿನಲ್ ಕೇಸು, ವರ್ಷಗಟ್ಟಲೆ ವಿಚಾರಣೆ ಬೇಕಿಲ್ಲ. ಪ್ರಾಸಿಕ್ಯೂಟರ್ ಕಚೇರಿ ಒಂದು ಸಿವಿಲ್ ದಾವೆ ಹಾಕುತ್ತದೆ, ಆಸ್ತಿ ಸರ್ಕಾರಕ್ಕೆ ಹೋಗುತ್ತದೆ. ಕಾರಣಗಳು ಮೂರು ನಾಲ್ಕು ಬಗೆಯವು.

ಚೆಲ್ಯಾಬಿನ್ಸ್ಕ್‌ನ ಎಲೆಕ್ಟ್ರೋಮೆಟಲರ್ಜಿಕಲ್ ಕಾರ್ಖಾನೆಯದ್ದು ಒಂದು ಬಗೆ. 1990ರ ದಶಕದಲ್ಲಿ ಅದರ ಖಾಸಗೀಕರಣಕ್ಕೆ ಒಪ್ಪಿಗೆ ಕೊಟ್ಟದ್ದು ಪ್ರಾಂತ್ಯದ ಸಮಿತಿ. ಕೇಂದ್ರ ಸರ್ಕಾರದ ಒಪ್ಪಿಗೆ ಬೇಕಿತ್ತು, ಇರಲಿಲ್ಲ ಎಂದು 2024ರಲ್ಲಿ ಅದನ್ನು ಕಿತ್ತುಕೊಂಡರು. ತಪ್ಪು ಆಗಿದ್ದರೆ ಅದು 30 ವರ್ಷ ಹಿಂದಿನ ಸರ್ಕಾರಿ ಅಧಿಕಾರಿಗಳದ್ದು. ಕಾರ್ಖಾನೆ ಹೋದದ್ದು ಇಂದಿನ ಮಾಲೀಕರದ್ದು.

ಕಾರು ಮಾರಾಟದ ದೊಡ್ಡ ಕಂಪನಿ ರೋಲ್ಫ್‌ನ ಸ್ಥಾಪಕ ಸೆರ್ಗೆಯ್ ಪೆತ್ರೊವ್ ಹಿಂದೆ ಸಂಸದರಾಗಿದ್ದವರು. ಉಕ್ರೇನಿನ ಕ್ರೈಮಿಯಾವನ್ನು ರಷ್ಯಾಕ್ಕೆ ಸೇರಿಸಿಕೊಳ್ಳುವ ಮಸೂದೆಗೆ ಅವರು ಮತ ಹಾಕಿರಲಿಲ್ಲ. ಸಂಸದರಾಗಿದ್ದಾಗಲೂ ವ್ಯಾಪಾರ ನಡೆಸಿದರು, ಅದು ಭ್ರಷ್ಟಾಚಾರ ಎಂದು 2024ರ ಫೆಬ್ರುವರಿಯಲ್ಲಿ ಕಂಪನಿ ಸರ್ಕಾರದ ಪಾಲಾಯಿತು. ಅದೇ ವರ್ಷದ ಕೊನೆಗೆ ಅಂತರರಾಷ್ಟ್ರೀಯ ಬಾಕ್ಸಿಂಗ್ ಸಂಘದ ಅಧ್ಯಕ್ಷ ಉಮರ್ ಕ್ರೆಮ್ಲೆವ್ ಅವರಿಗೆ ಮಾರಾಟವಾಯಿತು. ದೇಶದ ಅತಿ ದೊಡ್ಡ ಪಾಸ್ತಾ ತಯಾರಕ ಮಾಕ್ಫಾ ಹೋದದ್ದೂ ಇಂಥದ್ದೇ ಕಾರಣಕ್ಕೆ, ಅದರ ಮಾಲೀಕರು ಹಿಂದೆ ರಾಜಕೀಯದಲ್ಲಿದ್ದರು ಎಂದು.

ಮಾಸ್ಕೋದ ದೊಮೊದೆದೊವೊ ವಿಮಾನ ನಿಲ್ದಾಣದ್ದು ಎಲ್ಲಕ್ಕಿಂತ ಸ್ಪಷ್ಟ ಉದಾಹರಣೆ. 2011ರ ಜನವರಿಯಲ್ಲಿ ಅಲ್ಲಿ ಬಾಂಬ್ ಸ್ಫೋಟಿಸಿ 37 ಜನ ಸತ್ತರು. ಐದು ವರ್ಷದ ನಂತರ, 2016ರಲ್ಲಿ, ಭದ್ರತೆಯಲ್ಲಿ ಲೋಪ ಎಂದು ಮಾಲೀಕ ದ್ಮಿತ್ರಿ ಕಾಮೆನ್‌ಷಿಕ್ ಅವರನ್ನು ಗೃಹಬಂಧನದಲ್ಲಿಟ್ಟರು. ಕೇಸು ನಿಲ್ಲಲಿಲ್ಲ, ಅದೇ ವರ್ಷ ಬಿದ್ದುಹೋಯಿತು. 2025ರ ಜನವರಿಯಲ್ಲಿ ಬೇರೆ ಬಾಗಿಲಿನಿಂದ ಬಂದರು. ಮಾಲೀಕರು ಹೊರದೇಶಗಳ ನಿವಾಸಿಗಳು, ದೇಶದ ಭದ್ರತೆಗೆ ಬೇಕಾದ ಆಸ್ತಿ ಅಂಥವರ ಕೈಲಿರಬಾರದು ಎಂದರು. ಜೂನ್‌ನಲ್ಲಿ ನಿಲ್ದಾಣ ಸರ್ಕಾರದ್ದಾಯಿತು. ಒಂದು ಕಾರಣ ಕೆಲಸ ಮಾಡದಿದ್ದರೆ ಇನ್ನೊಂದು. ಬೇಕಾಗಿದ್ದದ್ದು ನಿಲ್ದಾಣ.

ಇಷ್ಟು ಹಳೆಯ ವ್ಯವಹಾರಗಳನ್ನು ಈಗ ಕೆದಕಬಹುದೇ? ಎಲ್ಲ ದೇಶಗಳಲ್ಲೂ ದಾವೆ ಹಾಕಲು ಒಂದು ವಾಯಿದೆ ಇರುತ್ತದೆ. ರಷ್ಯಾದ ಸಿವಿಲ್ ಕಾನೂನಿನಲ್ಲೂ ಗರಿಷ್ಠ ಹತ್ತು ವರ್ಷ ಎಂದಿದೆ. ಆದರೆ ಭ್ರಷ್ಟಾಚಾರದ ಆಸ್ತಿ ಮುಟ್ಟುಗೋಲಿಗೆ ಆ ವಾಯಿದೆ ಅನ್ವಯಿಸುವುದಿಲ್ಲ ಎಂದು 2024ರ ಅಕ್ಟೋಬರ್ 31ರಂದು ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ತೀರ್ಪು ಕೊಟ್ಟಿತು. ಈ ದಾವೆಗಳನ್ನೆಲ್ಲ ನಡೆಸಿದ ಪ್ರಾಸಿಕ್ಯೂಟರ್ ಜನರಲ್ ಇಗೊರ್ ಕ್ರಾಸ್ನೊವ್ 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಮುಖ್ಯಸ್ಥರಾದರು. ಆಸ್ತಿ ಕಳೆದುಕೊಂಡವರು ಕೊನೆಗೆ ಮೇಲ್ಮನವಿ ಹಾಕಬೇಕಾದ್ದು ಅದೇ ಕೋರ್ಟಿಗೆ.

ಒಟ್ಟು ಎಷ್ಟು ಆಸ್ತಿ ಹೋಗಿದೆ? ಮಾಸ್ಕೋದ ಎನ್‌ಎಸ್‌ಪಿ ಎಂಬ ವಕೀಲರ ಸಂಸ್ಥೆ 2025ರ ಮಧ್ಯದಲ್ಲಿ ಲೆಕ್ಕ ಹಾಕಿತು. ಮೂರು ವರ್ಷಗಳಲ್ಲಿ ಸುಮಾರು 3.9 ಲಕ್ಷ ಕೋಟಿ ರೂಬಲ್, ಅಂದರೆ ಹತ್ತಿರ ಹತ್ತಿರ 5,000 ಕೋಟಿ ಡಾಲರ್ ಬೆಲೆಯ ಆಸ್ತಿ.

ಸರ್ಕಾರ ಹೇಳುವುದೇನು?

ಪುಟಿನ್ ಇದನ್ನು ಖಾಸಗೀಕರಣ ರದ್ದತಿ ಎಂದು ಒಪ್ಪುವುದಿಲ್ಲ. ಅಂಥದ್ದೇನೂ ನಡೆಯುವುದಿಲ್ಲ ಎಂದು 2023ರಲ್ಲಿ ಹೇಳಿದರು. ದೇಶದ ಭದ್ರತೆಗೆ ಧಕ್ಕೆ ತಂದವರ ವಿಷಯದಲ್ಲಿ ಮಾತ್ರ ಮುಟ್ಟುಗೋಲು ಸರಿ ಎಂಬುದು ಅವರ ನಿಲುವು. ಸರ್ಕಾರದ ಕಡೆಯವರು ಇನ್ನೂ ಮುಂದೆ ಹೋಗಿ, 90ರ ದಶಕದಲ್ಲಿ ಕಳುವಾದದ್ದನ್ನು ಜನರಿಗೆ ಮರಳಿಸುತ್ತಿದ್ದೇವೆ ಎನ್ನುತ್ತಾರೆ.

ಈ ವಾದವನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. 1995ರ ಹರಾಜುಗಳು ಅನ್ಯಾಯವೇ. ಗುಸಿನ್ಸ್ಕಿ, ಖೊದೊರ್ಕೊವ್ಸ್ಕಿ ಸಂತರೇನೂ ಅಲ್ಲ. ಪ್ರಾಂತ್ಯಗಳಲ್ಲಿ ಶಾಸಕರಾಗಿ, ಗವರ್ನರ್ ಆಗಿ ಇದ್ದುಕೊಂಡೇ ದುಡ್ಡು ಮಾಡಿದವರು ಇದ್ದಾರೆ. ಯುದ್ಧಕಾಲದಲ್ಲಿ ವಿಮಾನ ನಿಲ್ದಾಣದ ಮೇಲೆ ಸರ್ಕಾರದ ಹಿಡಿತ ಬೇಕು ಎಂದರೆ ಅದೂ ಪೂರ್ತಿ ಅರ್ಥವಿಲ್ಲದ ಮಾತಲ್ಲ.

ಆದರೆ ಒಂದು ಪ್ರಶ್ನೆಗೆ ಈ ವಾದ ಉತ್ತರ ಕೊಡುವುದಿಲ್ಲ. ಅನ್ಯಾಯ ಸರಿಪಡಿಸುವುದೇ ಗುರಿಯಾದರೆ ನಿಯಮ ಎಲ್ಲರಿಗೂ ಒಂದೇ ಇರಬೇಕು. 1995ರಲ್ಲಿ ಅಡಮಾನದ ಹರಾಜಿನಲ್ಲಿ ನೋರಿಲ್ಸ್ಕ್ ನಿಕಲ್ ಕಂಪನಿಯನ್ನು ಪಡೆದವರು ಪೊತಾನಿನ್. ಆ ಅಡಮಾನ ಯೋಜನೆಯನ್ನು ಸರ್ಕಾರದ ಮುಂದಿಟ್ಟವರೂ ಅವರೇ. ಅವರ ಕಂಪನಿಗೆ ಯಾರೂ ಕೈ ಹಾಕಲಿಲ್ಲ. ತಿನ್ಕೊವ್ ಅವರ ಬ್ಯಾಂಕ್ ಖಾಸಗೀಕರಣದಲ್ಲಿ ಸಿಕ್ಕಿದ್ದಲ್ಲ, ಅವರೇ ಕಟ್ಟಿದ್ದು. ಅದು ಹೋಯಿತು. ಜನರಿಗೆ ಮರಳಿಸುತ್ತೇವೆ ಎಂದು ಕಿತ್ತುಕೊಂಡ ಎಷ್ಟೋ ಕಂಪನಿಗಳು ಮತ್ತೆ ಖಾಸಗಿಯವರಿಗೇ ಮಾರಾಟವಾಗಿವೆ.

ಟೀಕಾಕಾರರಲ್ಲೂ ಒಮ್ಮತವಿಲ್ಲ

ಇದು ಯುದ್ಧಕ್ಕೆ ಹಣ ಹೊಂದಿಸುವ ದಾರಿ ಎಂದು ಒಂದು ಗುಂಪು ಹೇಳುತ್ತದೆ. ಖರ್ಚು ಏರಿದೆ, ಬಜೆಟ್ಟಿನಲ್ಲಿ ಕೊರತೆ ಇದೆ, ಹೊರಗಿನ ಸಾಲ ಸಿಗುವುದಿಲ್ಲ. ಕಿತ್ತುಕೊಂಡದ್ದನ್ನು ಮಾರಿದರೆ ಬೊಕ್ಕಸಕ್ಕೆ ಒಂದಿಷ್ಟು ಬರುತ್ತದೆ. ಇನ್ನೊಂದು ಗುಂಪಿನ ಪ್ರಕಾರ ಹಣ ಒಂದು ನೆಪ. ಪಾಶ್ಚಾತ್ಯ ನಿರ್ಬಂಧಗಳಿಂದ ಹಂಚಲು ಇದ್ದ ಸಂಪತ್ತು ಕಡಿಮೆಯಾಗಿದೆ. ಆಡಳಿತಕ್ಕೆ ಹತ್ತಿರದವರನ್ನು ಸಂತೋಷವಾಗಿಡಲು ಉಳಿದವರ ಪಾಲನ್ನು ಕಿತ್ತು ಕೊಡಬೇಕು. 2023ರ ಜುಲೈನಲ್ಲಿ ಫ್ರಾನ್ಸ್‌ನ ದನೋನ್ ಕಂಪನಿಯ ರಷ್ಯಾ ಘಟಕವನ್ನು ಸರ್ಕಾರ ವಶಕ್ಕೆ ತೆಗೆದುಕೊಂಡು ಅದರ ಮುಖ್ಯಸ್ಥರನ್ನಾಗಿ ನೇಮಿಸಿದ್ದು ಚೆಚೆನ್ಯಾದ ನಾಯಕ ಕದಿರೊವ್ ಅವರ ಸಂಬಂಧಿಯನ್ನು ಎಂಬುದು ಇವರು ಕೊಡುವ ಉದಾಹರಣೆ.

ಎರಡೂ ನಿಜ ಇರಬಹುದು. ಆದರೆ ಎರಡನೆಯದಕ್ಕೆ ತೂಕ ಜಾಸ್ತಿ ಎಂದು ನನಗನ್ನಿಸುತ್ತದೆ. ಬೊಕ್ಕಸಕ್ಕಾಗಿ ಮಾಡುವುದಾದರೆ ಉಕ್ರೇನ್ ಯುದ್ಧದ ಖರ್ಚಿಲ್ಲದ ಕಾಲದಲ್ಲಿ ಯೂಕೊಸ್ ಯಾಕೆ ಬೇಕಿತ್ತು?

ನಿಷ್ಠೆ ಯಾಕೆ ಕಾಪಾಡುವುದಿಲ್ಲ?

ಮತ್ತೆ ಸ್ತ್ರುಕೊವ್ ಪ್ರಶ್ನೆಗೆ ಬರೋಣ. ಇಂಥದ್ದು ಅವರಿಗೇ ಮೊದಲು ಆದದ್ದಲ್ಲ. ವ್ಲಾದಿಮಿರ್ ಯೆವ್ತುಶೆಂಕೊವ್ ಎಂಬ ಉದ್ಯಮಿ 2009ರಲ್ಲಿ ಬಾಷ್‌ನೆಫ್ಟ್ ಎಂಬ ತೈಲ ಕಂಪನಿಯನ್ನು ಸರ್ಕಾರಕ್ಕೆ ಗೊತ್ತಿದ್ದೇ ಕೊಂಡಿದ್ದರು. ಸರ್ಕಾರದ ವಿರುದ್ಧ ಒಂದು ಮಾತೂ ಆಡಿದವರಲ್ಲ. 2014ರ ಸೆಪ್ಟೆಂಬರ್‌ನಲ್ಲಿ ಅವರನ್ನು ಗೃಹಬಂಧನದಲ್ಲಿಟ್ಟರು. ಬಾಷ್‌ನೆಫ್ಟ್ ಸರ್ಕಾರಕ್ಕೆ ಹೋದ ಮೇಲೆ, ಡಿಸೆಂಬರ್‌ನಲ್ಲಿ ಬಿಟ್ಟರು. 2016ರಲ್ಲಿ ಆ ಕಂಪನಿ ರಾಸ್‌ನೆಫ್ಟ್ ಪಾಲಾಯಿತು. ಅಷ್ಟಕ್ಕೂ ಮುಗಿಯಲಿಲ್ಲ. ಕಂಪನಿಯನ್ನು ಹಾಳು ಮಾಡಿ ಕೊಟ್ಟಿರಿ ಎಂದು ರಾಸ್‌ನೆಫ್ಟ್ ಅವರ ಮೇಲೇ ದಾವೆ ಹಾಕಿತು. 2017ರಲ್ಲಿ ಅವರ ಸಮೂಹ 10,000 ಕೋಟಿ ರೂಬಲ್ ಕೊಟ್ಟು ರಾಜಿ ಮಾಡಿಕೊಂಡಿತು.

ರಷ್ಯಾದ ವ್ಯಾಪಾರಿಗಳ ಮಾತಿನಲ್ಲಿ ಕ್ರಿಶಾ ಎಂಬ ಪದ ಇದೆ. ಅಂದರೆ ಸೂರು. ಮೇಲಿನಿಂದ ಕಾಪಾಡುವ ಪ್ರಭಾವಿ ಎಂಬ ಅರ್ಥದಲ್ಲಿ ಬಳಸುತ್ತಾರೆ. 90ರ ದಶಕದಲ್ಲಿ ಸೂರು ಕೊಡುತ್ತಿದ್ದವರು ಗೂಂಡಾಗಳು. ಆಮೇಲೆ ಆ ಜಾಗಕ್ಕೆ ಸಿಲೊವಿಕಿ ಬಂದರು, ಅಂದರೆ ಗುಪ್ತಚರ, ಪೊಲೀಸ್, ಪ್ರಾಸಿಕ್ಯೂಟರ್ ಕಚೇರಿಗಳವರು. ಉದ್ಯಮಿಯ ನಿಷ್ಠೆ ಅಧ್ಯಕ್ಷರಿಗೆ ಇರಬಹುದು, ಆದರೆ ಅವನ ಆಸ್ತಿ ಉಳಿಯುವುದು ಅವನ ಸೂರು ಎಷ್ಟು ಗಟ್ಟಿ ಎಂಬುದರ ಮೇಲೆ. ಸೂರು ಕೊಟ್ಟವರು ನಿವೃತ್ತರಾದರೆ, ಸತ್ತರೆ, ಇನ್ನೊಬ್ಬರ ಮುಂದೆ ಸೋತರೆ ಕೆಳಗಿರುವವನು ಬಯಲಿಗೆ ಬೀಳುತ್ತಾನೆ. ಆಗ ಕಪಾಟಿನಲ್ಲಿದ್ದ ಹಳೆಯ ಕಡತ ಹೊರಬರುತ್ತದೆ.

ನಿಷ್ಠೆಯೇ ಮುಳುವಾಗುವುದೂ ಉಂಟು. ಆಡಳಿತ ಪಕ್ಷದಿಂದ ಗೆದ್ದು ಶಾಸನಸಭೆಗೆ ಹೋಗುವುದು ಒಂದು ಕಾಲಕ್ಕೆ ಉದ್ಯಮಿಗಳಿಗೆ ರಕ್ಷಣೆಯಾಗಿತ್ತು. ಸ್ತ್ರುಕೊವ್ ಮೇಲೆ ಪ್ರಾಸಿಕ್ಯೂಟರ್ ಹೊರಿಸಿದ ಆರೋಪವೇ ಆ ಹುದ್ದೆಯನ್ನು ಬಳಸಿಕೊಂಡು ಆಸ್ತಿ ಮಾಡಿದರು ಎಂಬುದು.

ಹಾಗಾಗಿ ರಾಜಕೀಯ ದಬ್ಬಾಳಿಕೆ ಎಂಬುದನ್ನು ನಾವು ವಿಶಾಲವಾಗಿ ನೋಡಬೇಕು. ವಿರೋಧಿಸಿದವನನ್ನು ಹೊಡೆಯಲು ಮಾಡಿದ ಹತಾರಗಳು ವಿರೋಧಿಗಳು ಮುಗಿದ ಮೇಲೆ ಮೂಲೆ ಸೇರುವುದಿಲ್ಲ. ಸಿಝೊ, ತೆರಿಗೆ ನೋಟಿಸು, ಹೇಳಿದಂತೆ ಕೇಳುವ ಕೋರ್ಟು ಎಲ್ಲವೂ ಹಾಗೇ ಇರುತ್ತವೆ. ಅವನ್ನು ನಡೆಸುವವರಿಗೆ ಮುಂದಿನ ಆಸ್ತಿ ಬೇಕಾಗುತ್ತದೆ. ಗುಸಿನ್ಸ್ಕಿ, ಖೊದೊರ್ಕೊವ್ಸ್ಕಿ ಬಂಧನವಾದಾಗ ಸುಮ್ಮನಿದ್ದ ಉದ್ಯಮಿಗಳು, ಈ ಪೆಟ್ಟು ನಮಗಲ್ಲ ಎಂದುಕೊಂಡಿದ್ದರು.

ಮುಂದೇನಾಗಬಹುದು?

ಮೊದಲ ಏಟು ಬೀಳುವುದು ದೂರದ ಯೋಜನೆಗಳಿಗೆ. ಹತ್ತು ವರ್ಷದಲ್ಲಿ ಲಾಭ ಕೊಡುವ ಕಾರ್ಖಾನೆ ಕಟ್ಟಲು ಹತ್ತು ವರ್ಷ ಅದು ನನ್ನದೇ ಆಗಿರುತ್ತದೆ ಎಂಬ ನಂಬಿಕೆ ಬೇಕು. ಅದಿಲ್ಲದಿದ್ದರೆ ಮಾಲೀಕ ಹೊಸ ಯಂತ್ರ ಕೊಳ್ಳುವುದಿಲ್ಲ, ಲಾಭವನ್ನು ಕೂಡಲೇ ತೆಗೆದು ಹೊರದೇಶದಲ್ಲಿಡುತ್ತಾನೆ. ಹೊರದೇಶದಲ್ಲಿ ನೆಲೆ ಮಾಡಿಕೊಂಡದ್ದೇ ನಾಳೆ ಅವನ ವಿರುದ್ಧದ ಕಾರಣವೂ ಆಗುತ್ತದೆ. ಹೆದರಿಕೆ ಹೊರಗೆ ಓಡಿಸುತ್ತದೆ, ಓಡಿದ್ದೇ ತಪ್ಪಾಗುತ್ತದೆ.

ಸಣ್ಣ ಹೂಡಿಕೆದಾರರಿಗೂ ಪೆಟ್ಟು ಬೀಳುತ್ತದೆ. ಯುಜುರಾಲ್‌ಝೊಲೊತೊ 2023ರ ನವೆಂಬರ್‌ನಲ್ಲಷ್ಟೇ ಮಾಸ್ಕೋ ಷೇರುಪೇಟೆಗೆ ಬಂದಿತ್ತು. ದೇಶದ ಉಳಿತಾಯ ದೇಶದಲ್ಲೇ ಹೂಡಿಕೆಯಾಗಲಿ ಎಂದು ಸರ್ಕಾರವೇ ಹುರಿದುಂಬಿಸುತ್ತಿದ್ದ ಕಾಲ ಅದು. ಮುಟ್ಟುಗೋಲಿನ ಸುದ್ದಿ ಬಂದಾಗ ಷೇರು ದಿಢೀರ್ ಕುಸಿಯಿತು, ವಹಿವಾಟನ್ನೇ ಕೆಲ ದಿನ ನಿಲ್ಲಿಸಬೇಕಾಯಿತು. ಷೇರು ಕೊಂಡ ಸಾಮಾನ್ಯ ಜನ ಯಾವ ಭ್ರಷ್ಟಾಚಾರವನ್ನೂ ಮಾಡಿರಲಿಲ್ಲ.

ವಿದೇಶದಲ್ಲಿ ಈ ಕೇಸುಗಳು ಸಾಯುವುದಿಲ್ಲ. ಯೂಕೊಸ್‌ನ ಹಳೆಯ ಷೇರುದಾರರಿಗೆ 5,000 ಕೋಟಿ ಡಾಲರ್ ಕೊಡಬೇಕು ಎಂದು 2014ರಲ್ಲಿ ನೆದರ್ಲೆಂಡ್ಸ್‌ನ ಹೇಗ್‌ನ ಅಂತರರಾಷ್ಟ್ರೀಯ ಮಧ್ಯಸ್ಥಿಕೆ ಮಂಡಳಿ ತೀರ್ಪು ಕೊಟ್ಟಿತು. ರಷ್ಯಾ ಹನ್ನೊಂದು ವರ್ಷ ಹೋರಾಡಿತು. 2025ರ ಅಕ್ಟೋಬರ್‌ನಲ್ಲಿ ನೆದರ್ಲೆಂಡ್ಸ್‌ನ ಸುಪ್ರೀಂ ಕೋರ್ಟ್ ಕೊನೆಯ ಮೇಲ್ಮನವಿಯನ್ನೂ ವಜಾ ಮಾಡಿತು. ಬಡ್ಡಿ ಸೇರಿ ಆ ಮೊತ್ತ ಈಗ ಇನ್ನೂ ದೊಡ್ಡದಾಗಿದೆ. ವಸೂಲಿ ಸುಲಭವಲ್ಲ, ಆದರೆ ರಷ್ಯಾದ ಸರ್ಕಾರಿ ಆಸ್ತಿ ಹೊರಗೆ ಎಲ್ಲೇ ಇದ್ದರೂ ಈ ತೀರ್ಪು ಬೆನ್ನಟ್ಟುತ್ತದೆ.

ಇನ್ನು ಹೊಸ ಮಾಲೀಕರು. ರೋಲ್ಫ್‌ನಂಥ ಕಂಪನಿಗಳು ಇಂದು ಅವರ ಹೆಸರಿನಲ್ಲಿವೆ. ಖಾಸಗೀಕರಣದ ಹಳೆಯ ವ್ಯವಹಾರಗಳಿಗೆ ಸ್ಪಷ್ಟವಾದ ವಾಯಿದೆ ಹಾಕಿ ಎಂದು ದೊಡ್ಡ ಉದ್ಯಮಿಗಳ ಒಕ್ಕೂಟ ವರ್ಷಗಳಿಂದ ಸರ್ಕಾರವನ್ನು ಕೇಳುತ್ತಲೇ ಇದೆ. ಆದರೆ ಭ್ರಷ್ಟಾಚಾರದ ಕೇಸಿಗೆ ವಾಯಿದೆಯೇ ಇಲ್ಲ ಎಂಬ 2024ರ ತೀರ್ಪು ಹಾಗೇ ಉಳಿದಿದೆ. ಅದು ಹಳೆಯ ಮಾಲೀಕರಿಗೆ ಮಾತ್ರ ಎಂದು ಎಲ್ಲೂ ಬರೆದಿಲ್ಲ. ಇಂದಿನ ಮಾರಾಟದ ಕಾಗದಗಳೂ ಅದೇ ಕಪಾಟಿಗೆ ಹೋಗುತ್ತಿವೆ.